ಹದಿನೈದಾಣೆಯ ಚಿತ್ರ

“ಕಡೀಕ ಆಕಿ ಹಡಗ ಹತ್ತಲೇ ಇಲ್ಲ,” ಎಂದ ಪಾಂಡಪ್ಪ. “ದಂಡಿ ಮ್ಯಾಲೇ ನಿಂತಳು. ಹಡಗ ಹೋತು. ಮುಗೀತು.”

ತಂಗಿ ಸಿದ್ದಕ್ಕನ ಕೈಯಲ್ಲಿ ತಿರುಗುತ್ತಿದ್ದ ಕದರು ನಿಂತಿತು. ಉಣ್ಣೆಯ ಎಳೆ ತುಂಡಾಗಿ ಮಡಿಲಿಗೆ ಬಿತ್ತು. ಅವಳು ಅದನ್ನು ಹೊಸೆದು ಕೂಡಿಸುತ್ತ, “ಮತ್ತ ಆ ಕಪ್ತಾನ?” ಎಂದು ಕೇಳಿದಳು.

“ಅಂವಾ ಹೋದ. ಅವಗೇನ, ಹೋದಲ್ಲಿ ಒಂದು ಊರು.”

“ಎಷ್ಟ ಆಣೆ?”

“ಹದಿನಾರು.”

ಸಿದ್ದಕ್ಕ ತಲೆಯೆತ್ತಿ ಅಣ್ಣನ ಮುಖ ನೋಡಿದಳು. ಇಷ್ಟು ವರ್ಷಗಳಲ್ಲಿ ಪಾಂಡಪ್ಪ ಯಾವ ಚಿತ್ರಕ್ಕೂ ಪೂರಾ ಹದಿನಾರಾಣೆ ಕೊಟ್ಟವನಲ್ಲ. ಅವನು ಕಟ್ಟೆಯಿಂದ ಎದ್ದು, ಸೈಕಲ್ಲಿನ ಚೈನು ಸಡಿಲಾಗಿದೆಯೇನೋ ಎಂಬಂತೆ ಬಗ್ಗಿ ನೋಡತೊಡಗಿದ. ಚೈನು ನೆಟ್ಟಗೇ ಇತ್ತು.

ಪಾಂಡಪ್ಪ ಜಮಖಂಡಿಯ ಕೋರ್ಟಿನಲ್ಲಿ ಬೇಲೀಫ. ಸಮನ್ಸು, ಜಪ್ತಿ ನೋಟೀಸುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ರಬಕವಿ, ಬನಹಟ್ಟಿಯ ಮಗ್ಗದ ಓಣಿಗಳಲ್ಲಿ ತಿರುಗುವುದು ಅವನ ಕೆಲಸ. ಬೇಲೀಫನ ಮುಖ ಕಂಡರೆ ಬಾಗಿಲು ಹಾಕಿಕೊಳ್ಳುವುದು ಲೋಕರೂಢಿ. ಪಾಂಡಪ್ಪನಿಗೆ ಮಾತ್ರ ಬಾಗಿಲು ತೆರೆದಿರುತ್ತಿತ್ತು. ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಅವನು ಮಗ್ಗದ ಪಕ್ಕದಲ್ಲೇ ಕುಳಿತು, ಹಿಂದಿನ ಐತವಾರ ನೋಡಿದ ಇಂಗ್ಲಿಷ್ ಚಿತ್ರದ ಕಥೆ ಹೇಳುತ್ತಿದ್ದ. ಸಮನ್ಸು ತೆಗೆದುಕೊಂಡವರೇ ಚಹಾ ಕಾಸಿ ಕೊಡುತ್ತಿದ್ದರು. ಔಷಧ ಕಹಿಯಾದರೂ ಮೇಲೆ ಬೆಲ್ಲದ ತುಣುಕು ಇರುತ್ತಿತ್ತಲ್ಲ.

ಊರಿನ ಟಾಕೀಸಿನಲ್ಲಿ ಐತವಾರ ಮುಂಜಾನೆ ಒಂದೇ ಆಟ ಇಂಗ್ಲಿಷ್ ಚಿತ್ರ. ಒಂದು ಚಿತ್ರ ಎರಡು ಐತವಾರ ನಡೆಯುತ್ತಿತ್ತು. ರಾಜರ ಕಾಲದಲ್ಲಿ ಶುರುವಾದ ಈ ಪದ್ಧತಿ, ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೂ ಉಳಿದಿತ್ತು. ನೋಡುವವರು ನಾಲ್ಕು ಜನ ವಕೀಲರು, ಒಬ್ಬ ಡಾಕ್ಟರು, ಮುಂದೆ ನೆಲದ ಮೇಲೆ ಪಾಂಡಪ್ಪ. ಇಂಗ್ಲಿಷು ಅವನಿಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತಿದ್ದ. ಹಾಲಿವುಡ್ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ, “ಮುಂಬೈಗೆ ಹೋಗಿ ಅಲ್ಲಿಂದ ಕೇಳಬೇಕ ನೋಡ್ರಿ,” ಎಂದು ಗಂಭೀರವಾಗಿ ಹೇಳುತ್ತಿದ್ದ.

ಕಥೆ ಹೇಳಿದ ಮೇಲೆ ತೀರ್ಪು. ಹದಿನಾರಾಣೆಯಿಂದ ಶುರುಮಾಡಿ ತಪ್ಪಿಗೆ ತಕ್ಕಂತೆ ಆಣೆ ಮುರಿಯುವುದು ಅವನ ಕ್ರಮ. ಅಷ್ಟು ದೂರ ಓಡಿದ ಕುದುರೆಯ ಬಾಯಲ್ಲಿ ನೊರೆ ಇಲ್ಲ, ಒಂದಾಣೆ ಕಡಿಮೆ. ಕುರಿಹಿಂಡು ಬಂದಾಗ ನಾಯಿ ಬಾಲ ಅಲ್ಲಾಡಿಸುತ್ತ ನಿಂತಿತ್ತು, ಎರಡಾಣೆ ಕಡಿಮೆ. ಕುರುಬರ ಓಣಿಯಲ್ಲಿ ಹುಟ್ಟಿದವನು ಅದನ್ನೆಲ್ಲ ಹೇಗೆ ಬಿಟ್ಟಾನು!

ಒಮ್ಮೆ ಮಾತ್ರ ತೀರ್ಪು ಹಿಂದೆಗೆದುಕೊಳ್ಳಬೇಕಾಯಿತು. ಚಿತ್ರಗಳಲ್ಲಿ ದೊಡ್ಡ ಮನುಷ್ಯರು ಕುಳಿತು ಮಾತಾಡುತ್ತ ಕೈ ಮೇಲೆತ್ತುತ್ತಿದ್ದಂತೆ ಚಿತ್ರ ಟಣ್ಣನೆ ಜಿಗಿದು ಮುಂದಿನ ಕೋಣೆಗೆ ಹೋಗಿಬಿಡುತ್ತಿತ್ತು. ಇದು ಅಲ್ಲಿನವರ ಜಾಣತನ, ವ್ಯರ್ಥ ಕಾಲ ಕಳೆಯುವುದಿಲ್ಲ ಎಂದು ಪಾಂಡಪ್ಪ ಪ್ರತಿ ಜಿಗಿತಕ್ಕೂ ಒಂದಾಣೆ ಹೆಚ್ಚು ಕೊಡುತ್ತಿದ್ದ. ಕಡೆಗೆ ಟಾಕೀಸಿನ ಆಪರೇಟರ್ ನಕ್ಕು ಹೇಳಿದ: “ದಾರೂಬಂದಿ ಅಲ್ಲೇನೋ ಮಾರಾಯಾ! ಸೆರೆ ಗ್ಲಾಸ್ ಎತ್ತಿದಲ್ಲೆಲ್ಲ ಕತ್ತರಿ ಹಾಕ್ಯಾರ.” ಅಂದು ಪಾಂಡಪ್ಪ ಮನೆಗೆ ಬಂದು ಕೊಟ್ಟ ಆಣೆಗಳನ್ನೆಲ್ಲ ವಾಪಸು ತೆಗೆದುಕೊಂಡ. ಸಿದ್ದಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು.

ಅವಳಂಥ ಕೇಳುಗರು ಇನ್ನೊಬ್ಬರಿರಲಿಲ್ಲ. ಹೆಂಡತಿ ಸತ್ಯವ್ವ ಕಥೆ ಶುರುವಾಗುತ್ತಲೇ ಆಕಳಿಸುತ್ತಿದ್ದಳು. ತಾಯಿ ಹೊಳೆವ್ವ, “ಆ ಹೆಂಗಸಿಗೆ ತವರಮನಿ ಇಲ್ಲೇನು?” ಎಂದೊಮ್ಮೆ ಕೇಳಿ ಸುಮ್ಮನಾಗುತ್ತಿದ್ದಳು. ಸಿದ್ದಕ್ಕ ಹಾಗಲ್ಲ. ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡ ಮೇಲೆ ತವರಿಗೆ ಬಂದಾಗಿನಿಂದ ಪ್ರತಿ ಐತವಾರ ಮಧ್ಯಾಹ್ನ ಕದರು ಹಿಡಿದು ಕಟ್ಟೆಗೆ ಬಂದು ಕೂರುತ್ತಿದ್ದಳು. ಅವಳ ಪ್ರಶ್ನೆಗಳು ಎಂಥವೆಂದರೆ, ಅವಕ್ಕೆ ಉತ್ತರ ಕೊಡಬೇಕೆಂದೇ ಪಾಂಡಪ್ಪ ಚಿತ್ರವನ್ನು ಕಣ್ಣು ಪಿಳುಕಿಸದೆ ನೋಡುತ್ತಿದ್ದ. ಒಮ್ಮೆ ಅವನು, ಆ ದೇಶದಲ್ಲಿ ಹೆಣ್ಣುಮಕ್ಕಳು ಎದುರಾದರೆ ಗಂಡಸರು ಟೊಪ್ಪಿಗೆ ತೆಗೆದು ಹಿಡಿಯುತ್ತಾರೆ ಎಂದಿದ್ದ.

“ಅಯ್ಯ, ಬರೇ ತಲೀಲೆ? ಯಾಕ?”

“ಮರ್ಯಾದಿ ಅದು.”

“ನಮ್ಮಲ್ಲಿ ಹೆಣದ ಮುಂದಷ್ಟ ಟೊಪ್ಪಿಗಿ ತೆಗೀತಾರ,” ಎಂದಿದ್ದಳು ಸಿದ್ದಕ್ಕ. “ಇದ್ದವರಿಗೂ ಒಂದೀಟ ಮರ್ಯಾದಿ ಕೊಟ್ರ ಏನ ಹೋಗತೈತಿ?”

ಈಗ ಲೋಕಾಪುರದಿಂದ ಒಂದು ಮಾತು ಬಂದಿತ್ತು. ಅಲ್ಲಿ ರಸ್ತೆ ಕೂಡುವಲ್ಲಿ ಚಹಾದಂಗಡಿ ಇಟ್ಟಿದ್ದ ಲಗಮಣ್ಣ ಎಂಬವನು, ಹೆಂಡತಿ ತೀರಿದವನು, ಸಿದ್ದಕ್ಕನನ್ನು ಉಡಿಕಿ ಮಾಡಿಕೊಳ್ಳುತ್ತೇನೆ ಎಂದಿದ್ದ. ಉಡಿಕಿಯೆಂದರೆ ಗಂಡ ಸತ್ತವಳಿಗೆ ಎರಡನೆಯ ಬಾಳು. ಓಲಗವಿಲ್ಲ, ಹಂದರವಿಲ್ಲ. ಹೊಸ ಸೀರೆ ಉಡಿಸಿ, ಬಳೆ ತೊಡಿಸಿ ಕಳಿಸಿಬಿಡುವುದು. ಲಗಮಣ್ಣ ಒಂದು ಸಲ ಮನೆಗೆ ಬಂದು, ಬಸಿಯಲ್ಲಿದ್ದ ಚಹಾವನ್ನೇ ನೋಡುತ್ತ, “ಚಹಾ ಛಲೋ ಆಗೇತ್ರಿ, ನನ್ನ ಅಂಗಡೀದ ಇಷ್ಟ ಛಲೋ ಆಗೂದಿಲ್ಲ,” ಎಂದು ಒಂದೇ ಮಾತು ಆಡಿ ಹೋಗಿದ್ದ. ಒಳಗೆ ಒಲೆಯ ಮುಂದಿದ್ದ ಸಿದ್ದಕ್ಕ ಅದನ್ನು ಕೇಳಿ ಮುಗುಳ್ನಕ್ಕದ್ದನ್ನು ತಾಯಿ ಕಂಡಿದ್ದಳು.

ತಂದೆ ಇಲ್ಲದ ಮನೆ. ಬೀರಪ್ಪನ ಗುಡಿಯಲ್ಲಿ ಹಿರಿಯರ ಮುಂದೆ ಅಣ್ಣ ‘ಹೂಂ’ ಅನ್ನಬೇಕು. ಪಾಂಡಪ್ಪ ಅನ್ನಲಿಲ್ಲ. ಒಮ್ಮೆ ಕೋರ್ಟಿನಲ್ಲಿ ಕೆಲಸ ಜಾಸ್ತಿ ಎಂದ, ಇನ್ನೊಮ್ಮೆ ಅವನ ಅಂಗಡಿ ಬಾಡಿಗೆಯದು ಎಂದ.

“ಇನ್ನೂ ಇಪ್ಪತ್ತೈದ ತುಂಬಿಲ್ಲ ಆಕೀಗೆ,” ಎಂದಳು ಹೊಳೆವ್ವ. “ತವರಮನಿ ಹಬ್ಬಕ್ಕ ಛಂದೋ ಮಗನ, ಬಾಳೇವಕ್ಕಲ್ಲ. ಅಮಾಸಿಗೆ ಅವರು ಬರ್ತಾರ. ನೀ ಏನ ಅಂತಿ ಅಂದುಬಿಡು.”

ಪಾಂಡಪ್ಪ ಕೆಟ್ಟವನಲ್ಲ. ಸಿದ್ದಕ್ಕ ಹೋದರೆ ಅವನ ಐತವಾರ ಸತ್ತುಹೋಗುತ್ತಿತ್ತು, ಅದಷ್ಟೇ ಅವನ ಸಂಕಟ. ಕೇಳುವವರಿಲ್ಲದ ಮೇಲೆ ಚಿತ್ರ ನೋಡಿ ಮಾಡುವುದೇನು? ಆದರೆ ಇದು ಬಾಯಿಬಿಟ್ಟು ಆಡುವ ಮಾತಲ್ಲ. ಕಥೆ ಕೇಳಲಿಕ್ಕೆ ತಂಗಿಯನ್ನು ಮನೆಯಲ್ಲಿಟ್ಟುಕೊಂಡ ಅಂದರೆ ಊರು ಉಗಿಯುತ್ತದೆ. ಅಂಥ ಹೊತ್ತಿಗೆ ಟಾಕೀಸಿಗೆ ಬಂದದ್ದು ಈ ಚಿತ್ರ. ಸಮುದ್ರದ ದಂಡೆಯಲ್ಲಿ ಅಣ್ಣನ ಮನೆಯಲ್ಲಿರುವ ವಿಧವೆ, ಹಡಗಿನ ಕಪ್ತಾನನೊಬ್ಬ ಬಂದು ಕರೆಯುತ್ತಾನೆ. ಕೊನೆಗೆ ಅವಳು ಹಡಗು ಹತ್ತಿ ಹೋಗಿಬಿಡುತ್ತಾಳೆ. ನೆಲದ ಮೇಲೆ ಕುಳಿತಿದ್ದ ಪಾಂಡಪ್ಪನಿಗೆ ಯಾರೋ ತನ್ನ ಮನೆಯ ಕದ ತೆರೆದು ನೋಡಿದಂತಾಯಿತು. ಕಟ್ಟೆಯ ಮೇಲೆ ಬಂದು ಕುಳಿತಾಗ ಅವನ ಬಾಯಿಂದ ಬೇರೆಯೇ ಕೊನೆ ಬಂತು.

ಮುಂದಿನ ಐತವಾರ ಹತ್ತಿರ ಬಂದಾಗ ಸಿದ್ದಕ್ಕ, “ಹದಿನಾರಾಣೆ ಚಿತ್ರ ಹ್ಯಾಂಗಿರತೈತಿ, ನಾನೂ ಒಮ್ಮಿ ನೋಡತೀನಿ,” ಎಂದಳು.

“ಹೆಣ್ಣಮಕ್ಕಳು ಆ ಆಟಕ್ಕ ಬರೂದಿಲ್ಲ.”

“ಪಡದೆ ಕಟ್ಟಿದ ಜಾಗಾ ಐತಂತ ನೀನಽ ಹೇಳಿದ್ದಿ. ಅವ್ವನ್ನ ಕರಕೊಂಡ ಬರ್ತೀನಿ.”

ತಾನೇ ಕೊಟ್ಟ ಹದಿನಾರಾಣೆ ತನ್ನ ಕೊರಳಿಗೇ ಬಿದ್ದಿತ್ತು.

ಐತವಾರ ಅವರಿಬ್ಬರೂ ಪರದೆಯ ಆಚೆಗೆ ಹೋಗಿ ಕುಳಿತರು. ದೀಪ ಆರಿದ ಮೇಲೆ ಹೆಂಗಸರ ಮುಂದಿನ ಆ ಪರದೆ ಸರಿಯಿತು. ಸಮುದ್ರ ಕಂಡೊಡನೆ ಹೊಳೆವ್ವ, “ಯಪ್ಪಾ, ಕೃಷ್ಣೆ ತುಂಬಿ ಬಂದಾಗೂ ಇಷ್ಟ ನೀರ ನೋಡಿಲ್ಲ,” ಎಂದು ಟಾಕೀಸಿಗೆಲ್ಲ ಕೇಳುವಂತೆ ಹೇಳಿದಳು. ವಕೀಲರು ಹಿಂತಿರುಗಿ ನೋಡಿದರು. ಪಾಂಡಪ್ಪ ಅಂದು ಚಿತ್ರ ನೋಡಲಿಲ್ಲ. ಕೊನೆಯ ರೀಲು ಬಂದಾಗ ಕುತ್ತಿಗೆ ಹೊರಳಿಸಿ ಹೆಂಗಸರ ಕಡೆಗೇ ನೋಡಿದ. ಬೆಳ್ಳಿಪರದೆಯ ಬೆಳಕು ಸಿದ್ದಕ್ಕನ ಮುಖದ ಮೇಲೆ ಬಂದು ಹೋಗುತ್ತಿತ್ತು. ಹಡಗಿನ ಸಿಳ್ಳೆ ಕೇಳಿಸಿತು. ಹಲಗೆಯ ಮೇಲೆ ಹೆಂಗಸಿನ ಬೂಟಿನ ಸದ್ದು ಕೇಳಿಸಿತು. ಸಿದ್ದಕ್ಕ ಬಾಯಿ ತುಸು ತೆರೆದು, ರೆಪ್ಪೆ ಬಡಿಯದೆ ಕುಳಿತಿದ್ದಳು. ಇಷ್ಟು ಕಥೆ ಹೇಳಿದರೂ ಆ ಮುಖವನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

ಮನೆಯ ದಾರಿಯಲ್ಲಿ ಬಿಸಿಲು ಚುರುಗುಡುತ್ತಿತ್ತು. ತಾಯಿ ಮುಂದೆ ಮುಂದೆ ನಡೆದಿದ್ದಳು. ಪಾಂಡಪ್ಪ ಸೈಕಲ್ಲು ದೂಡುತ್ತ ಬರುತ್ತಿದ್ದ. ಸಿದ್ದಕ್ಕ ನೆಲ ನೋಡುತ್ತ ಕೇಳಿದಳು.

“ಅಣ್ಣಾ, ನೀ ನೋಡಿದಾಗ ಆ ಕಡೀ ತುಂಡಿಗೆ ಕತ್ತರಿ ಹಾಕಿದ್ದರೇನು?”

ಪಾರಾಗಲು ಬಾಗಿಲನ್ನು ಅವಳೇ ತೆರೆದು ಹಿಡಿದಿದ್ದಳು. ‘ಹೌದು’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕದದ ಹಿಂದೆ ನಿಂತು ‘ಮಾಲಕರು ಮನೆಯಲ್ಲಿಲ್ಲ’ ಅನ್ನುವವರ ದನಿಯನ್ನು ಪಾಂಡಪ್ಪ ಬೇಲೀಫನಾದ ಹೊಸದರಲ್ಲಿ ದಿನಾಲೂ ಕೇಳಿದ್ದ. ಆ ದನಿ ತನ್ನ ಗಂಟಲಲ್ಲಿ ಬರುವುದು ಅವನಿಗೆ ಬೇಡವಾಯಿತು.

“ಇಲ್ಲ,” ಎಂದ. “ಇತ್ತು. ನೋಡೇನಿ.”

ಸಿದ್ದಕ್ಕ ನಡೆಯುತ್ತಲೇ ಇದ್ದಳು. ಅವನೇ ತಡೆಯಲಾರದೆ, “ನೀ ಹೋದ್ರ ಐತವಾರ ನಾ ಯಾರ ಮುಂದ ಕುಂತ ಹೇಳಲೆವ್ವಾ?” ಎಂದುಬಿಟ್ಟ.

ಸಿದ್ದಕ್ಕ ನಿಂತಳು. ಕಣ್ಣಲ್ಲಿ ನೀರು ಬಂದಿತ್ತು, ನಗುವೂ ಬಂದಿತ್ತು. “ಹುಚ್ಚ ಅದಿ ನೋಡು. ಲೋಕಾಪುರೇನ ವಿಲಾಯಿತ್ಯಾಗ ಐತೇನು?” ಎಂದಳು. ಮತ್ತೆ ನಡೆಯುತ್ತ, “ನನ್ನ ತೀರ್ಪ ಕೇಳತೀಯೇನು?” ಎಂದಳು.

“ಹೇಳು.”

“ಹದಿನೈದ ಆಣೆ.”

“ಒಂದ್ಯಾಕ ಮುರದಿ?”

“ಹೋಗಾಕಿ ಹೋದಳು, ಬರೋಬರಿ. ಆದ್ರ ಒಮ್ಮಿ ತಿರುಗಿ ನೋಡಬೇಕಾಗಿತ್ತು. ದಂಡಿ ಮ್ಯಾಲ ಆಕೀ ಅಣ್ಣ ನಿಂತಿದ್ದನಲ್ಲ.”

ಪಾಂಡಪ್ಪನಿಗೆ ಅದು ಹೊಳೆದೇ ಇರಲಿಲ್ಲ. ಎರಡು ಸಲ ಟಾಕೀಸಿನಲ್ಲಿ ಕೂತರೂ ದಂಡೆಯ ಮೇಲೆ ಅಣ್ಣ ನಿಂತದ್ದು ಅವನ ನೆನಪಿನಲ್ಲಿರಲಿಲ್ಲ.

ಅಮಾವಾಸ್ಯೆಯ ದಿನ ಬೀರಪ್ಪನ ಗುಡಿಯಲ್ಲಿ ಹಿರಿಯರು ಕೇಳುವ ಮೊದಲೇ ಅವನು ‘ಹೂಂ’ ಅಂದ. ಲಗಮಣ್ಣ ಆಗಲೂ ನೆಲವನ್ನೇ ನೋಡುತ್ತಿದ್ದ. ಮುಂದಿನ ವಾರ ಉಡಿಕಿ ಮುಗಿಯಿತು. ಉಡಿಕಿಯಾದವಳನ್ನು ಕಳಿಸಲಿಕ್ಕೆ ಓಣಿಯವರು ಬರುವ ರೂಢಿಯಿಲ್ಲ. ಮುತ್ತೈದೆಯರು ಎದುರಿಗೂ ಬರುವುದಿಲ್ಲ. ಸತ್ಯವ್ವ ಒಳಗೇ ಉಳಿದು, ಕಿಟಕಿಯಿಂದ ಬುತ್ತಿಯ ಗಂಟು ಕೊಟ್ಟಳು. ಬಸ್ಸಿನವರೆಗೆ ಬಂದವರು ತಾಯಿ ಮತ್ತು ಅಣ್ಣ ಇಬ್ಬರೇ.

ಸಿದ್ದಕ್ಕ ಹಸಿರು ಬಳೆ ತೊಟ್ಟ ಕೈಯಿಂದ ಕಂಬಿ ಹಿಡಿದು ಬಸ್ಸು ಹತ್ತಿದಳು. ಲಗಮಣ್ಣ ಟ್ರಂಕನ್ನು ಕಾಲ ಬಳಿ ಇಟ್ಟು ಪಕ್ಕದಲ್ಲಿ ಕುಳಿತ. ಕಂಡಕ್ಟರ್ ಗಂಟೆ ಬಾರಿಸಿದ. ಬಸ್ಸು ಗುರುಗುಟ್ಟಿ, ಧೂಳೆಬ್ಬಿಸಿ ಮುಧೋಳದ ರಸ್ತೆಗೆ ಹೊರಳಿತು. ಹೊರಳುವಾಗ ಸಿದ್ದಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ತಿರುಗಿ ನೋಡಿದಳು.

ಪಾಂಡಪ್ಪ ಟೊಪ್ಪಿಗೆ ತೆಗೆದು ಮೇಲೆತ್ತಿ ಹಿಡಿದ.

ಬಸ್ಸಿಗೆ ಕಾದು ಕುಳಿತವರು ಅವನ ಬರಿಯ ತಲೆಯನ್ನು ನೋಡಿದರು. ಎಲೆಯಡಿಕೆ ಮಾರುವವಳು ಸತ್ತವರು ಯಾರೆಂದು ಆಚೀಚೆ ನೋಡಿದಳು.

“ಟೊಪ್ಪಿಗಿ ಹಾಕ್ಕೊಳ್ಳೋ,” ಎಂದು ಹೊಳೆವ್ವ ತೋಳು ಹಿಡಿದು ಜಗ್ಗಿದಳು. “ಜನಾ ನೋಡಾಕತ್ತಾರ.”

ಅವನು ಹಾಕಿಕೊಳ್ಳಲಿಲ್ಲ. ಬಸ್ಸು ಕಾಣದಾದ ಮೇಲೂ, ಧೂಳು ಇಳಿದು ರಸ್ತೆ ಮತ್ತೆ ಕಾಣುವವರೆಗೂ ಹಾಗೇ ಹಿಡಿದುಕೊಂಡು ನಿಂತಿದ್ದ.