ಒಣಮೀನಿನ ಬುತ್ತಿ

ಲೂನ್ ಪಾಯಿಂಟ್ ಉತ್ತರದ ಚಳಿನಾಡಿನ, ರಸ್ತೆಯಿಲ್ಲದ ಊರು. ಅಲ್ಲಿನ ಬಾಟಲಿ ಡಿಪೋ ಎಂದರೆ ನದಿದಂಡೆಯ ಮೇಲಿನ ಒಂದು ತಗಡಿನ ಶೆಡ್ಡು, ಖಾಲಿ ಬಾಟಲಿ, ಡಬ್ಬಿ ತಂದವರಿಗೆ ಎಣಿಸಿ ಕಾಸು ಕೊಡುವ ಜಾಗ. ಹನ್ನೊಂದು ವರ್ಷದಿಂದ ಅದನ್ನು ನಡೆಸುತ್ತಿದ್ದವಳು ಬರ್ನಿಸ್. ಊರಿನ ಮೂವತ್ತನಾಲ್ಕು ಮನೆಗಳಲ್ಲಿ ಯಾರು ಕುಡಿತ ಬಿಟ್ಟರು, ಯಾರು ಮತ್ತೆ ಹಿಡಿದರು ಎಂಬುದು ಪಾದ್ರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಅವಳು ಬಾಯಿ ಬಿಡುತ್ತಿರಲಿಲ್ಲ. ಡಬ್ಬಿ ಜಜ್ಜುವ ಯಂತ್ರವನ್ನು ತೋರಿಸಿ, "ನನ್ನ ಬಾಯೂ ಇದರ ಹಾಗೇ ಕಣ್ರೋ, ಒಳಗೆ ಹೋದದ್ದು ಚಪ್ಪಟೆ" ಎನ್ನುತ್ತಿದ್ದಳು. ಈಗ ಆ ಮಾತು ನೆನಪಾದರೆ ಅವಳಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಸರ್ಕಾರದವರು ಖಾಲಿ ಗೋಡೆ ಕಂಡರೆ ಬಿಡುವವರಲ್ಲ. ಡಿಪೋದ ಗೋಡೆಯ ಮೇಲೂ ಮೂರು ಪೋಸ್ಟರ್ ಅಂಟಿಸಿ ಹೋಗಿದ್ದರು. ಬಾಟಲಿ ತೊಳೆದು ತನ್ನಿ ಎಂದು ಒಂದು, ಬಂದೂಕಕ್ಕೆ ಬೀಗ ಹಾಕಿ ಎಂದು ಇನ್ನೊಂದು. ಮೂರನೆಯದು, ಮನೆಯೊಳಗೇ ಭಯವೇ, ಈ ನಂಬರಿಗೆ ಕರೆ ಮಾಡಿ ಎಂಬುದು. ಅದರ ತುದಿಯಲ್ಲಿ ಹರಿದುಕೊಳ್ಳುವುದಕ್ಕೆಂದು ನಂಬರಿನ ಸಣ್ಣ ಚೀಟಿಗಳಿದ್ದವು. ಮೂರು ವರ್ಷದಲ್ಲಿ ಒಬ್ಬರೂ ಒಂದನ್ನೂ ಹರಿದಿರಲಿಲ್ಲ. ಎಲ್ಲರ ಕಣ್ಣೂ ಎಲ್ಲರ ಮೇಲಿರುವ ಊರಿನಲ್ಲಿ ಅದನ್ನು ಹರಿಯುವ ಧೈರ್ಯ ಯಾರಿಗಿದೆ? ಆಗಸ್ಟಿನ ಒಂದು ಸಂಜೆ ಬೀಗ ಹಾಕುವಾಗ ಬರ್ನಿಸ್ ನೋಡಿದಳು, ಒಂದು ಚೀಟಿ ಇರಲಿಲ್ಲ. ಆ ದಿನ ಡಿಪೋಗೆ ಬಂದವಳು ಡೆಲಾ ಒಬ್ಬಳೇ.

ಡೆಲಾ ಬರ್ನಿಸಳ ಅಕ್ಕನ ಮಗಳು. ಅಕ್ಕ ಸತ್ತ ಮೇಲೆ ಬರ್ನಿಸಳಿಗೂ ಮಗಳೇ. ಗಂಡ ಕ್ಲಿಫರ್ಡ್ ಅವಳನ್ನು ಒಂಟಿಯಾಗಿ ಕಳಿಸುತ್ತಿದ್ದ ಜಾಗ ಊರಲ್ಲಿ ಒಂದೇ, ಈ ಡಿಪೋ. ಹೋಗಿ ಬರುವುದಕ್ಕೆ ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡುತ್ತಿದ್ದ. ಅವನು ಕುಡಿದಷ್ಟೂ ಖಾಲಿ ಬಾಟಲಿಯ ಚೀಲ, ಚೀಲ ಹೆಚ್ಚಾದಷ್ಟೂ ಅವಳಿಗೆ ಹೊತ್ತು. ಬರ್ನಿಸ್ ಬೇಕೆಂದೇ ಲೆಕ್ಕ ತಪ್ಪಿ, "ಥತ್, ಮರೆತೇಹೋಯ್ತು, ಮೊದಲಿಂದ ಎಣಿಸ್ತೀನಿ ತಾಳು" ಎನ್ನುತ್ತಿದ್ದಳು. ಡೆಲಾ ಆ ಇಪ್ಪತ್ತು ನಿಮಿಷ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಅಂಗಿಯ ತೋಳು ಯಾವತ್ತೂ ಮುಂಗೈವರೆಗೆ ಇಳಿದಿರುತ್ತಿತ್ತು.

ಸೆಪ್ಟೆಂಬರಿನ ಆ ಮಂಗಳವಾರ ಅವಳು ಚೀಲವಿಲ್ಲದೆ ಬಂದಳು. ಕ್ಲಿಫರ್ಡ್ ಮೀನು ಹಿಡಿಯುವವರ ಬಿಡಾರಕ್ಕೆ ಹೋಗಿದ್ದ. ಬಿಡಾರ ನದಿಯ ಮೇಲ್ಗಡೆ, ದೋಣಿಯಲ್ಲಿ ಎರಡು ಗಂಟೆಯ ದಾರಿ. ಡೆಲಾ ಜೇಬಿನಿಂದ ಚೀಟಿ ತೆಗೆದು ಫೋನಿನ ಪಕ್ಕ ಇಟ್ಟಳು.

"ಚಿಕ್ಕಮ್ಮ, ನೀನೇ ನಂಬರ್ ಒತ್ತು."

ಮೊದಲು ಪಟ್ಟಣದ ಪೊಲೀಸ್ ಸಿಕ್ಕಿದ, ಆಮೇಲೆ ನ್ಯಾಯಾಧೀಶೆ. ಚಿಕ್ಕಮ್ಮನಿಗೆ ಐದು ವರ್ಷದಲ್ಲಿ ಹೇಳದ್ದನ್ನು ಡೆಲಾ ಮುಖ ಕಾಣದವರಿಗೆ ಹೇಳಿದಳು. ದಾರಿಹೋಕರಿಗೆ ಕೇಳಿಸದಿರಲಿ ಎಂದು ಬರ್ನಿಸ್ ಯಂತ್ರಕ್ಕೆ ಡಬ್ಬಿ ಹಾಕುತ್ತಲೇ ಇದ್ದಳು, ಹಾಕುತ್ತಾ ಅಳುತ್ತಿದ್ದಳು. ಫೋನಿನಲ್ಲೇ ಆಜ್ಞೆಯಾಯಿತು. ತೊಂಬತ್ತು ದಿನ ಕ್ಲಿಫರ್ಡ್ ಹೆಂಡತಿ ಮಗುವಿನ ಹತ್ತಿರ ಸುಳಿಯುವ ಹಾಗಿಲ್ಲ. ಆದರೆ ಆಜ್ಞೆಯ ಕಾಗದ ಅವನ ಕೈಗೆ ಮುಟ್ಟಿದ ಮೇಲಷ್ಟೇ ಅದು ಜಾರಿ. ಗುರುವಾರ ಮಧ್ಯಾಹ್ನ ಹನ್ನೆರಡರ ವಿಮಾನದಲ್ಲಿ ಪೊಲೀಸ್ ಕಾಗದ ತರುತ್ತಾನೆ, ಅದೇ ವಿಮಾನದಲ್ಲಿ ಡೆಲಾ ಮತ್ತು ಐದು ವರ್ಷದ ನೋರಾ ನಗರದ ಹೆಂಗಸರ ಆಶ್ರಯಕ್ಕೆ ಹೋಗಬೇಕು. "ಅಲ್ಲಿವರೆಗೆ ಯಾರಿಗೂ ಹೇಳಬೇಡಿ" ಎಂದ ಪೊಲೀಸ್. ಆ ವಿಮಾನ ವಾರಕ್ಕೊಮ್ಮೆ ಬಂದು, ಹೋಗುವಾಗ ಜಜ್ಜಿದ ಡಬ್ಬಿಗಳ ಮೂಟೆ ಒಯ್ಯುತ್ತಿತ್ತು. ಮೂಟೆ ಸಾಗಿಸುವುದಕ್ಕೆ ಡೆಲಾ ಬಂದಿದ್ದಾಳೆ ಅಂದರೆ ಯಾರೂ ಎರಡನೇ ಸಲ ನೋಡುವುದಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಮೂಟೆಗಳ ಬಾಯಿ ಕಟ್ಟಿ ಮುಗಿಯಿತು. ಬರ್ನಿಸ್ ಸೊಂಟ ನೆಟ್ಟಗೆ ಮಾಡಿ ಚಹಾಕ್ಕೆ ಇಟ್ಟಳು. ಆಗ ನೆನಪಾಯಿತು. ಬುತ್ತಿ! ಊರು ಬಿಟ್ಟು ಹೋಗುವವರ ಕೈಗೆ ಒಣಮೀನು ಕೊಡದೆ ಕಳಿಸುವುದೇ? ಬರಿಗೈಲಿ ಹೋದವರು ತಿರುಗಿ ಬರೋಲ್ಲ ಎಂದು ಅವಳ ಅಮ್ಮ ಹೇಳುತ್ತಿದ್ದಳು. ಅಕ್ಕನನ್ನು ಆಸ್ಪತ್ರೆಗೆ ಒಯ್ದ ದಿನ ಗಡಿಬಿಡಿಯಲ್ಲಿ ಏನೂ ಕಟ್ಟಿಕೊಟ್ಟಿರಲಿಲ್ಲ, ಅಕ್ಕ ಬಂದದ್ದು ಪೆಟ್ಟಿಗೆಯಲ್ಲಿ. ಈ ವರ್ಷ ಮಂಡಿನೋವು ಹಿಡಿದು ಬರ್ನಿಸ್ ಒಂದು ಮೀನನ್ನೂ ಒಣಗಿಸಿರಲಿಲ್ಲ. ಮನೆಯಲ್ಲಿ ಸಕ್ಕರೆ ತೀರಿದರೂ, ಕೊಡಲಿ ಕಳೆದರೂ ಊರಿನವರು ಏನು ಮಾಡುತ್ತಾರೋ ಅವಳೂ ಅದನ್ನೇ ಮಾಡಿದಳು. ಅತ್ತಿಂದಿತ್ತ ಮಾತಾಡುವ ರೇಡಿಯೋದ ಗುಂಡಿ ಒತ್ತಿದಳು.

"ಯಾರ ಹತ್ರನಾದ್ರೂ ಒಣಮೀನು ಇದೆಯಾ? ವಿಮಾನಕ್ಕೆ ಬುತ್ತಿ ಕಟ್ಬೇಕಿತ್ತು."

ಹೆಸರು ಹೇಳಲಿಲ್ಲ. ಅಷ್ಟು ಎಚ್ಚರ ಇತ್ತು. ಆದರೆ ಬರ್ನಿಸ್ ಜನ್ಮದಲ್ಲಿ ವಿಮಾನ ಹತ್ತಿದವಳಲ್ಲ, ಅವಳಿಗೆ ಇರುವ ನೆಂಟರು ಇಬ್ಬರೇ. ಮುದುಕ ಆಲ್ಫಾನ್ಸ್ ಮೊದಲು ಉತ್ತರ ಕೊಟ್ಟ.

"ಡೆಲಾ ಹೊರಟಳಾ? ಅಯ್ಯೋ, ಮೊದಲೇ ಹೇಳೋದಲ್ವೇನೇ! ಅವಳಿಗಿಷ್ಟ ಅಂತ ಬಿಳಿಮೀನು ಇಟ್ಟಿದೀನಿ. ತರ್ತೀನಿ ಇರು."

"ಮಗೂಗೆ ನನ್ನ ಹತ್ರ ಕೈಗವಸು ಇದೆ" ಎಂದಿತು ಇನ್ನೊಂದು ದನಿ. "ದೇವರು ಕಾಪಾಡಲಿ ಡೆಲಾ, ನಗರದಲ್ಲಿ ಹುಷಾರು" ಎಂದಿತು ಮತ್ತೊಂದು. ಊರಿಗೆ ಊರೇ ಪ್ರೀತಿ ಸುರಿಯಿತು. ಅದೇ ರೇಡಿಯೋ ಪ್ರತಿ ಅಡುಗೆಮನೆಯಲ್ಲೂ ಇದೆ, ಪ್ರತಿ ದೋಣಿಯಲ್ಲೂ ಇದೆ, ಪ್ರತಿ ಬಿಡಾರದಲ್ಲೂ ಇದೆ.

ಎಲ್ಲರ ಮಾತು ಮುಗಿದ ಮೇಲೆ ಒಂದು ತಣ್ಣನೆಯ ದನಿ ಬಂತು.

"ಚಿಕ್ಕಮ್ಮ, ಚೆನ್ನಾಗಿದೀರಾ? ವಿಮಾನ ಎಷ್ಟೊತ್ತಿಗೆ?"

ಕ್ಲಿಫರ್ಡ್. ಬರ್ನಿಸ್ ರೇಡಿಯೋ ಆರಿಸಿದಳು. ಕೆಟ್ಟೆ, ಕೆಟ್ಟೆ ಎಂದು ಬಾಯಿ ಬಡಿದುಕೊಂಡು ಪೊಲೀಸರ ನಂಬರಿಗೆ ಕರೆ ಮಾಡಿದಳು. "ಅವರು ಆಗಲೇ ಕಾಗದ ತಗೊಂಡು ವಿಮಾನ ಹತ್ತಿದಾರಮ್ಮ" ಎಂದಳು ಫೋನ್ ಎತ್ತಿದ ಹುಡುಗಿ. ಸರಿ, ಹಾಗಾದರೆ ಇನ್ನೂ ಕೆಟ್ಟಿಲ್ಲ. ಅವನಿಗೆ ಎರಡು ಗಂಟೆಯ ದಾರಿ, ವಿಮಾನಕ್ಕೂ ಎರಡು ಗಂಟೆ.

ಹನ್ನೊಂದಕ್ಕೆ ನದಿಯಿಂದ ಮಂಜು ಎದ್ದಿತು.

ವಿಮಾನ ಇಳಿಯುವ ಜಲ್ಲಿಯ ಬಯಲಲ್ಲಿ ಡೆಲಾ ನೋರಾಳ ಕೈ ಹಿಡಿದು ಡಬ್ಬಿಯ ಮೂಟೆಗಳ ನಡುವೆ ನಿಂತಿದ್ದಳು. ಊರಿನವರು ಒಬ್ಬೊಬ್ಬರೇ ಬಂದು ಬಟ್ಟೆಯಲ್ಲಿ ಸುತ್ತಿದ ಮೀನು ಬರ್ನಿಸಳ ಕೈಗೆ ಕೊಟ್ಟು ಡೆಲಾಳ ಕೆನ್ನೆಗೆ ಮುತ್ತಿಟ್ಟರು. ಡೆಲಾ ಎಲ್ಲರಿಗೂ ನಕ್ಕಳು. ಬರ್ನಿಸಳ ಕಿವಿಯಲ್ಲಿ ಮಾತ್ರ ಕೇಳಿದಳು, "ಯಾಕೆ ಚಿಕ್ಕಮ್ಮ?"

"ನನ್ನ ಬಾಯಿಗೆ ಬೆಂಕಿ ಹಾಕ. ನಿನ್ನಮ್ಮನ ಹಾಗೆ ಬರಿಗೈಲಿ ಹೋಗ್ತೀಯಲ್ಲಾ ಅನ್ನಿಸ್ತು ಮಗಳೇ."

ಡೆಲಾ ಬಗ್ಗಿ ನೋರಾಳ ಕೋಟಿನ ಗುಂಡಿ ಹಾಕಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹನ್ನೆರಡು ಕಳೆದು ಹತ್ತು ನಿಮಿಷಕ್ಕೆ ಸದ್ದು ಕೇಳಿಸಿತು. ನೆತ್ತಿಯ ಮೇಲೇ, ಅಷ್ಟು ಹತ್ತಿರ. ವಿಮಾನ ಕಾಣಲಿಲ್ಲ. ಒಂದು ಸುತ್ತು ಬಂತು, ಎರಡನೇ ಸುತ್ತು ಬಂತು. ಬರ್ನಿಸ್ ಕತ್ತೆತ್ತಿ, "ಇಲ್ಲೇ ಇದೀವಿ ಕಣಪ್ಪಾ, ಇಳಿಯೋ! ಇಳಿಯೋ!" ಎಂದು ಕಿರುಚಿದಳು. ಕಾಗದ ಅಲ್ಲಿತ್ತು, ಪೊಲೀಸ್ ಅಲ್ಲಿದ್ದ, ಖಾಲಿ ಸೀಟು ಎರಡು ಅಲ್ಲಿದ್ದವು, ಎಲ್ಲ ಮಂಜಿನ ಆ ಕಡೆ. ಮೂರನೇ ಸುತ್ತಿಗೆ ಸದ್ದು ಸಣ್ಣಗಾಗಿ ದಕ್ಷಿಣಕ್ಕೆ ಹೋಯಿತು. ಅದು ಪೂರ್ತಿ ಅಡಗುವ ಮೊದಲೇ ನದಿಯ ಕಡೆಯಿಂದ ದೋಣಿಯ ಎಂಜಿನ್ ಕೇಳಿಸಿತು. ಮಂಜಿಗೆ ವಿಮಾನ ಹೆದರುತ್ತದೆ, ದೋಣಿ ಹೆದರುವುದಿಲ್ಲ.

ಕ್ಲಿಫರ್ಡ್ ಅವಸರವಿಲ್ಲದೆ ನಡೆದು ಬಂದ. ಶರತ್ಕಾಲದ ಬೇಟೆಯ ದಿನಗಳಲ್ಲಿ ಎಲ್ಲ ಗಂಡಸರ ಹೆಗಲಲ್ಲೂ ಇರುವ ಹಾಗೆ ಅವನ ಹೆಗಲಲ್ಲೂ ಬಂದೂಕವಿತ್ತು. ಅರ್ಧ ಊರಿಗೆ ನೆಂಟ, ಹೊಡೆದ ಬಾತುಕೋಳಿಯಲ್ಲಿ ಮೊದಲ ಪಾಲು ಮುದುಕರ ಮನೆಗೆ ಮುಟ್ಟಿಸುವವನು. ದಾರಿಯಲ್ಲಿ ಆಲ್ಫಾನ್ಸನಿಗೆ ನಮಸ್ಕಾರ ಹೇಳಿ ಬಂದ.

ಬರ್ನಿಸ್ ಅಡ್ಡ ನಿಂತಳು. "ಹತ್ರ ಬರ್ಬೇಡ ಕ್ಲಿಫರ್ಡ್. ಆಜ್ಞೆ ಆಗಿದೆ. ನ್ಯಾಯಾಧೀಶರು ಹೇಳಿದಾರೆ."

"ಹೌದಾ? ಎಲ್ಲಿ, ಕಾಗದ ತೋರಿಸಿ ಚಿಕ್ಕಮ್ಮ."

ಬರ್ನಿಸ್ ಊರಿನವರ ಕಡೆ ನೋಡಿದಳು. ಅವರಿಗೆ ಈಗಷ್ಟೇ ಎಲ್ಲ ಅರ್ಥವಾಗಿತ್ತು. ಕೆಲವರು ನೆಲ ನೋಡಿದರು, ಕೆಲವರು ಬಂದೂಕ ನೋಡಿದರು. ಆಲ್ಫಾನ್ಸ್ ಒಂದು ಹೆಜ್ಜೆ ಮುಂದಿಟ್ಟು, ಕೋಲು ಊರಿ, ಅಲ್ಲೇ ನಿಂತ. ಅಷ್ಟರಲ್ಲಿ ನೋರಾ ತಾಯಿಯ ಕೈ ಕೊಸರಿಕೊಂಡು, "ಅಪ್ಪಾ!" ಎಂದು ಓಡಿದಳು. ಓಡದೆ ಏನು, ಅವಳಿಗೆ ಅಪ್ಪ ತಾನೇ? ಕ್ಲಿಫರ್ಡ್ ಮಗಳನ್ನು ಎತ್ತಿಕೊಂಡು ಕೂದಲು ಸರಿಮಾಡಿದ. ಹೆಂಡತಿಯ ಕಡೆ ತಿರುಗಲೂ ಇಲ್ಲ, ಮಗುವಿನೊಂದಿಗೆ ದೋಣಿಯತ್ತ ಹೊರಟ.

ಡೆಲಾ ಬ್ಯಾಗು ಎತ್ತಿಕೊಂಡಳು.

"ಹೋಗ್ಬೇಡ ಕಣೇ" ಎಂದು ಬರ್ನಿಸ್ ಅವಳ ತೋಳು ಹಿಡಿದಳು. ಡೆಲಾ ನೋವಿಗೆ ಮುಖ ಕಿವುಚಿದಳು. ಬರ್ನಿಸ್ ಕೈಬಿಟ್ಟಳು.

"ಮಗು ಹೋಯ್ತಲ್ಲ ಚಿಕ್ಕಮ್ಮ. ಶನಿವಾರ ಬಾಟಲಿ ತರ್ತೀನಿ."

ಮುಂದೆ ಹೋಗುತ್ತಿದ್ದ ಕ್ಲಿಫರ್ಡ್ ನಿಂತು ತಿರುಗಿದ. ನಗುತ್ತಲೇ ಹೇಳಿದ. "ಬೇಡ ಬಿಡಿ, ಇವಳಿಗ್ಯಾಕೆ ಭಾರ ಹೊರೋ ಕೆಲಸ. ಇನ್ಮೇಲೆ ಬಾಟಲಿ ನಾನೇ ತಂದು ಹಾಕ್ತೀನಿ. ಚಿಕ್ಕಮ್ಮ, ಆ ಮೀನು ಕೊಡಿ, ನಮಗೇ ಅಲ್ವಾ ಕಟ್ಟಿದ್ದು?"

ಬರ್ನಿಸ್ ಕೊಟ್ಟಳು. ಯಾಕೆ ಕೊಟ್ಟಳೋ ಅವಳಿಗೇ ಗೊತ್ತಿಲ್ಲ, ಕೈ ಚಾಚಿತು. ಮೂವರನ್ನೂ ಹೊತ್ತ ದೋಣಿ ಊರಿನ ಕಡೆ ತಿರುಗಲಿಲ್ಲ, ಮೇಲ್ಗಡೆ ಬಿಡಾರದ ಕಡೆಗೇ ಹೋಯಿತು.

ಡಿಪೋಗೆ ಬಂದು ಮತ್ತೆ ಪೊಲೀಸರ ನಂಬರಿಗೆ ಕರೆ ಮಾಡಿದಳು. ಮಂಜು ಸರಿದ ಕೂಡಲೇ ಬರುತ್ತಾರೆ, ಸೋಮವಾರ ಆಗಬಹುದು ಎಂದಳು ಆ ಹುಡುಗಿ, ಅವಳ ದನಿಯೂ ಒಡೆದಿತ್ತು. ಬರ್ನಿಸ್ ಕುರ್ಚಿಯ ಕಡೆ ನೋಡಿದಳು. ಡೆಲಾ ಏನಾದರೂ ಕೂಗಿಯಾಳು ಎಂದು ರೇಡಿಯೋ ಹಾಕಿದಳು. ಬಂದದ್ದು ನದಿಯಾಚೆ ದಂಡೆಯ ಮುದುಕಿ ಮ್ಯಾಡಲೀನಳ ದನಿ, ಕಾಲಿಲ್ಲದವಳು, ಮೊಮ್ಮಗನ ಕೈಲಿ ಮೀನು ಕಳಿಸಿದ್ದಳು.

"ಬರ್ನಿಸ್, ವಿಮಾನದ ಸದ್ದು ಕೇಳಿಸ್ತು ಕಣೇ. ಹೋದಳಾ ಮಗು? ನನ್ನ ಮೀನು ಕೈಗೆ ಸೇರ್ತಾ?"

ಬರ್ನಿಸ್ ಗುಂಡಿ ಒತ್ತಿದಳು. ಕೇಳುತ್ತಿರುವವರು ಯಾರು ಯಾರೆಂದು ಈಗ ಅವಳಿಗೆ ಮರೆತಿರಲಿಲ್ಲ.

"ಸೇರ್ತು ಅಜ್ಜಿ" ಎಂದಳು.