ಎಂಟಾಳಿನ ಮುಯ್ಯಿ

ಫೆಬ್ರುವರಿಯ ಮಳೆಗೆ ತೊರೆ ಉಕ್ಕಿ, ಅಮೆರಿಕದ ಗಿಲ್‌ರಾಯ್ ಊರಿನ ಒಂದು ಬೀದಿಯ ಹನ್ನೊಂದು ಮನೆಗಳಿಗೆ ನೀರು ನುಗ್ಗಿತು. ನೀರು ಎರಡು ದಿನಕ್ಕೆ ಇಳಿಯಿತು, ರಾಡಿ ಉಳಿಯಿತು. ಕಿರಣಕುಮಾರನ ಮನೆಯ ಗ್ಯಾರೇಜು, ಹಿತ್ತಲು, ನೆಲಹಲಗೆಯ ಅಡಿ ಎಲ್ಲ ಕಡೆ ಕೆಸರು. ಮೂರನೆಯ ದಿನ ಬೆಳಿಗ್ಗೆ ಬೂದು ಬಣ್ಣದ ಅಂಗಿ ತೊಟ್ಟ ಎಂಟು ಮಂದಿ ಹುಡುಗ ಹುಡುಗಿಯರು ಸಲಿಕೆ ಹಿಡಿದು ಬಂದರು. ಅಮೆರಿಕಾರ್ಪ್ಸ್ ಎಂಬ ದೇಶಸೇವೆಯ ಯೋಜನೆಗೆ ಹತ್ತು ತಿಂಗಳ ಮಟ್ಟಿಗೆ ಹೆಸರು ಕೊಟ್ಟು, ಕಷ್ಟ ಬಂದ ಊರುಗಳಿಗೆ ಹೋಗಿ ದುಡಿಯುವ ಮಕ್ಕಳು. ಸಂಜೆಯವರೆಗೆ ಕೆಸರು ಬಗೆದರು. ಕಿರಣಕುಮಾರನ ತಾಯಿ ನೀಲಾಬಾಯಿ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟಳು. ನಿಂತುಕೊಂಡೇ ತಿಂದರು, ಕೈ ಬೀಸಿ ಹೋದರು.

ಅಂದು ಊಟಕ್ಕೆ ಕೂತಾಗ ಕಿರಣಕುಮಾರನ ತಂದೆ ಸೋಮಲಿಂಗಪ್ಪ ಕೇಳಿದರು, "ಆ ಹುಡುಗರ ಕಡೆ ನಾವು ಯಾವಾಗ ಹೋಗೂದು?"

"ಎಲ್ಲಿಗೆ ಅಪ್ಪಾ?"

"ಮುಯ್ಯಿ ತೀರಸಾಕ."

ಕಿರಣಕುಮಾರ ನಕ್ಕ. "ಅಪ್ಪಾ, ಇದು ಸರಕಾರದ ಪ್ರೋಗ್ರಾಮು. ನಿಮ್ಮನ್ನ ಯಾರೂ ಕರಿಯಂಗಿಲ್ಲ."

"ಸರಕಾರ ನಿನ್ನ ಮನ್ಯಾಗಿನ ರಾಡಿ ತೆಗಿಲಿಲ್ಲೋ. ಎಂಟ ಮಂದಿ ಹುಡುಗರು ತೆಗೆದ್ರು."

ಸೋಮಲಿಂಗಪ್ಪನವರಿಗೆ ಎಪ್ಪತ್ತು. ಆರು ವರ್ಷದ ಹಿಂದೆ ಮಗನ ಜೊತೆ ಇರಲು ಬರುವ ತನಕ ನವಲಗುಂದದ ಕಡೆಯ ಎರೆಹೊಲದಲ್ಲಿ ದುಡಿದವರು. ಅಲ್ಲಿ ಕಳೆ ತೆಗೆಯಲು, ಕಡಲೆ ಕೀಳಲು ಒಬ್ಬರ ಹೊಲಕ್ಕೆ ಒಬ್ಬರು ಕೂಲಿಯಿಲ್ಲದೆ ಹೋಗುತ್ತಿದ್ದರು. ಒಂದು ದಿನ ನಾಲ್ಕು ಆಳು ಬಂದರೆ ನಾಲ್ಕು ದಿನದ ದುಡಿಮೆ ತಿರುಗಿ ಹೋಗಬೇಕು. ಅದು ಮುಯ್ಯಿ. ತೀರಿಸಿದ ಮೇಲೆ ಆ ಮನೆಯವರು "ಮುಟ್ಟಿತು" ಅನ್ನಬೇಕು, ಅಲ್ಲಿಗೆ ಮುಗಿಯಿತು. ತೀರಿಸದವರನ್ನು ಯಾರೂ ಬೈಯುತ್ತಿರಲಿಲ್ಲ. ಮರುವರ್ಷ ಅವರನ್ನು ಕರೆಯುತ್ತಲೂ ಇರಲಿಲ್ಲ. ಒಮ್ಮೆ ವಿಷಮಜ್ವರದಲ್ಲಿ ಮಲಗಿದಾಗ ಓಣಿಯವರು ಬಂದು ಇವರ ಹೊಲದ ಹತ್ತಿಯ ಕಳೆ ತೆಗೆದಿದ್ದನ್ನು, ಎದ್ದು ಓಡಾಡುವಷ್ಟಾದ ಕೂಡಲೇ ಇವರು ಒಬ್ಬೊಬ್ಬರ ಹೊಲಕ್ಕೂ ಹೋಗಿ ತೀರಿಸಿ ಬಂದಿದ್ದರು. ಇಷ್ಟು ವಯಸ್ಸಾಗಿ ಈಗ ಎಂಟಾಳಿನ ಮುಯ್ಯಿ ತಲೆಯ ಮೇಲೆ ಕೂತಿತ್ತು.

ವಾರ ಕಳೆದ ಮೇಲೆ ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಗಾರ್ಗಿಯನ್ನು ಕರೆದುಕೊಂಡು ಸ್ವಯಂಸೇವಕರ ಆಫೀಸಿಗೆ ಹೋದರು. ಅಲ್ಲಿನ ಮೇಲ್ವಿಚಾರಕಿ ಲೂಪೆ, ಬೆಳ್ಳುಳ್ಳಿ ಹೊಲದಲ್ಲಿ ದುಡಿದವರ ಮಗಳು. ಗಾರ್ಗಿ ಇಂಗ್ಲಿಷಿನಲ್ಲಿ ವಿವರಿಸಿದಳು. ಲೂಪೆ ತಲೆಯಾಡಿಸಿ ಏನೋ ಅಂದಳು.

"ಅಜ್ಜಾ, ಆ ಟೀಮು ನೆವಾಡಾಕ್ಕೆ ಹೋಗಿದೆ ಅಂತೆ. ನೀನು ಏನೂ ರಿಟರ್ನ್ ಮಾಡೋದು ಬೇಡ ಅಂತಾರೆ."

"ಬೇಡ ಅನ್ನೂದು ಅವರ ದೊಡ್ಡಗುಣ. ಮಾಡೂದು ನನ್ನ ಕೆಲಸ. ಹೇಳು."

ಲೂಪೆ ಸ್ವಲ್ಪ ಹೊತ್ತು ಮುದುಕರ ಕೈಗಳನ್ನೇ ನೋಡಿದಳು. ಅದೇ ಯೋಜನೆಯಲ್ಲಿ ಐವತ್ತೈದು ದಾಟಿದವರಿಗೂ ಒಂದು ಭಾಗವಿತ್ತು. ಊರ ಹೊರಗಿನ ತೋಟದಲ್ಲಿ ಅವರು ತರಕಾರಿ ಬೆಳೆದು, ಇಲ್ಲದವರ ಮನೆಗಳಿಗೆ ಹಂಚುತ್ತಿದ್ದರು. ಅಲ್ಲಿಗೆ ಬರಬಹುದು, ಎಷ್ಟು ದಿನ ಬೇಕಾದರೂ ಬರಬಹುದು ಎಂದಳು.

"ಎಂಟು ದಿನ," ಎಂದರು ಸೋಮಲಿಂಗಪ್ಪ. "ಒಂಬತ್ತಿಲ್ಲ, ಏಳಿಲ್ಲ."

ತೋಟದಲ್ಲಿ ಉದ್ದ ಹಿಡಿಕೆಯ ಗುದ್ದಲಿ ಕೊಟ್ಟರು. ಅದನ್ನು ಬೇಲಿಗೆ ಒರಗಿಸಿ, ಕುಕ್ಕರಗಾಲಲ್ಲಿ ಕೂತು, ಕೈಯಿಂದಲೇ ಈರುಳ್ಳಿ ಸಾಲಿನ ಕಳೆ ಕಿತ್ತರು. ಬೇರು ಹರಿಯದ ಹಾಗೆ ಬುಡ ಹಿಡಿದು, ಮಣ್ಣು ಕೊಡವಿ, ಸಾಲಿನ ಪಕ್ಕ ಗುಡ್ಡೆ ಹಾಕಿ ಮುಂದೆ ಸರಿಯುವುದು. ಮಧ್ಯಾಹ್ನದ ಹೊತ್ತಿಗೆ ಉಳಿದ ಹಿರಿಯರು ಕೆಲಸ ನಿಲ್ಲಿಸಿ ಅವರ ಸಾಲು ನೋಡಲು ಬಂದರು.

ಮನೆಯಲ್ಲಿ ನೀಲಾಬಾಯಿ ದಿನವೂ ಕಾಡುತ್ತಿದ್ದಳು. "ಇವತ್ತಿಗೆ ಎಷ್ಟನೇದ್ರಿ? ನನ್ನ ಹಿತ್ತಲದಾಗಿನ ಕಳೆ ಮಾತ್ರ ನಿಮ್ಮ ಕಣ್ಣಿಗೆ ಬೀಳೂದಿಲ್ಲ."

"ನೀ ನನಗ ಮುಯ್ಯಿ ಬಂದಿಯೇನು?"

"ನಲವತ್ತಾರು ವರ್ಷ ಬಂದೀನಿ! ಅದನ್ನ ತೀರಸಾಕ ಇನ್ನೊಂದು ಜನ್ಮ ಹಿಡೀತೈತಿ!"

ಆರನೆಯ ದಿನ ಮಧ್ಯಾಹ್ನ ಮಳೆ ಬಂತು. ಲೂಪೆ ಎಲ್ಲರನ್ನೂ ಮನೆಗೆ ಕಳಿಸಿ, ಹಾಜರಿ ಹಾಳೆಯಲ್ಲಿ ಪೂರ್ತಿ ದಿನ ಎಂದು ಬರೆದಳು. ಸೋಮಲಿಂಗಪ್ಪ ಅದನ್ನು ಹೊಡೆದುಹಾಕಿಸಿ ಅರ್ಧ ಎಂದು ಬರೆಸಿದರು. ಉಳಿದ ಅರ್ಧಕ್ಕೆ ಶನಿವಾರ ಹೋದರು. ತೋಟದಲ್ಲಿ ಬೇರೆ ಯಾರೂ ಇರಲಿಲ್ಲ. ಕಾರಿನಲ್ಲಿ ಬಿಡಲು ಬಂದಿದ್ದ ಕಿರಣಕುಮಾರ ವಾಪಸು ಹೋಗದೆ ಅಲ್ಲೇ ಕೂತು, ಕೆಸರು ಸಾಲಿನಲ್ಲಿ ಒಬ್ಬರೇ ಸರಿಯುತ್ತಿದ್ದ ತಂದೆಯನ್ನು ಗಾಜಿನ ಮೂಲಕ ನೋಡಿದ.

ಎಂಟನೆಯ ದಿನ ಮುಗಿಯಿತು. ಸಂಜೆ ಎಲ್ಲರೂ ಮನೆಯಲ್ಲಿದ್ದಾಗ ಲೂಪೆ ಬಂದು, ಮುಟ್ಟಿತು ಎನ್ನಿಸಲು, ಕೆಸರು ಬಗೆದ ಆ ತಂಡದ ನಾಯಕಿಗೆ ವಿಡಿಯೋ ಫೋನು ಹಚ್ಚಿಕೊಟ್ಟಳು. ಪರದೆಯಲ್ಲಿ ಅದೇ ಬೂದು ಅಂಗಿ, ಬಿಸಿಲಿಗೆ ಕೆಂಪಾದ ಮುಖ. ಗಾರ್ಗಿ ಮುಯ್ಯಿ ಎಂದರೇನು ಎಂದು ಹೇಳತೊಡಗಿದಳು. ಸ್ಕೂಲಿನಲ್ಲಿ ಅಜ್ಜನ ಮಾತೆತ್ತಿದರೆ ನಾಚುತ್ತಿದ್ದ ಹುಡುಗಿ, ಎರೆಹೊಲದಿಂದ ಶುರುಮಾಡಿ ಅರ್ಧ ದಿನದ ಮಳೆಯವರೆಗೆ ಒಂದನ್ನೂ ಬಿಡಲಿಲ್ಲ. ಆಚೆಯ ಹುಡುಗಿ ಹಿಂಜರಿಯುತ್ತಾ ಏನೋ ಹೇಳಿದಳು. ಗಾರ್ಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಅಜ್ಜಾ... they were nine. ಒಬ್ಬ ಇಡೀ ದಿನ ಟ್ರಕ್ ಓಡಿಸಿ ಆ ಕೆಸರನ್ನ dumpಗೆ ಹಾಕ್ತಿದ್ದ. ಮನೆ ಒಳಗೆ ಬರಲೇ ಇಲ್ಲ. ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ ಅಂತಾಳೆ. ಎಂಟು ಮುಟ್ಟಿತು ಅಂತೆ."

ಸೋಮಲಿಂಗಪ್ಪ ಹಣೆ ಬಡಿದುಕೊಂಡರು. "ಅಂವಗ ರೊಟ್ಟೀನೂ ಕೊಡಲಿಲ್ಲಲ್ಲೋ!"

"ನಾಳೆ ಹೋಗಿ ಒಂಬತ್ತನೇದೂ ಮುಗಿಸಿ ಬರ್ರಿ," ಎಂದಳು ನೀಲಾಬಾಯಿ.

"ಅಪ್ಪ ಹೋಗೂದು ಬ್ಯಾಡ," ಎಂದ ಕಿರಣಕುಮಾರ. ಎಲ್ಲರೂ ತಿರುಗಿ ನೋಡಿದರು. ಅವನು ರೆಡ್‌ವುಡ್ ಸಿಟಿಯ ತನ್ನ ಆಫೀಸಿಗೆ ರಜೆಯ ಮೆಸೇಜು ಕಳಿಸಿ ಆಗಿತ್ತು. "ಮನಿ ನಂದು. ಒಂಬತ್ತನೇದು ನಾ ಹೋಗ್ತೀನಿ."

ಮರುದಿನ ಸೋಮಲಿಂಗಪ್ಪ ಜೊತೆಗೆ ಹೋದರು, ಆದರೆ ಸಾಲಿಗೆ ಇಳಿಯಲಿಲ್ಲ. ಕಿರಣಕುಮಾರನಿಗೆ ಕುಕ್ಕರಗಾಲು ಬರಲಿಲ್ಲ. ಮೊಣಕಾಲೂರಿದ, ಆಮೇಲೆ ಮಣ್ಣಿನಲ್ಲೇ ಕೂತ. ಎರಡು ಕಡೆ ಕಳೆಯ ಜೊತೆ ಈರುಳ್ಳಿಯೂ ಬಂತು. ಸೋಮಲಿಂಗಪ್ಪ "ಬುಡ ಹಿಡೀಪಾ, ಬುಡ" ಎಂದು ಒಮ್ಮೆ ಹೇಳಿ ಸುಮ್ಮನಾದರು. ಮೂರು ಗಂಟೆಗೆ ಲೂಪೆ ಬಂದು, ಪಾಪ, ಸಾಕು ಎಂದು ಸನ್ನೆ ಮಾಡಿದಳು. ಕಿರಣಕುಮಾರ ತಲೆ ಎತ್ತದೆ ಅಡ್ಡಡ್ಡ ಆಡಿಸಿ, ಸಾಲಿನಲ್ಲಿ ಮುಂದೆ ಸರಿದ.

ಲೂಪೆ ಮುದುಕರ ಕಡೆ ತಿರುಗಿದಳು. ಸೋಮಲಿಂಗಪ್ಪ ಸಾಲಿನ ತಲೆಯಲ್ಲಿ ನೆಟ್ಟಗೆ ನಿಂತಿದ್ದರು. ತಮಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ಎರಡನ್ನು ಆರಿಸಿ, ತೋಟದಲ್ಲಿದ್ದ ಅಷ್ಟೂ ಮಂದಿಗೆ ಕೇಳುವ ಹಾಗೆ ಹೇಳಿದರು:

"ಮೈ ಸನ್."