ಹಗಲು ಮಲಗುವ ಮನೆಯ ಮೇಲೊಂದು ಡ್ರೋನ್

ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಅದು ಬಂತು. ದುಂಬಿಯೊಂದು ಕಿವಿಯೊಳಗೇ ಹೊಕ್ಕಂತೆ ಗುಂಯ್ ಎನ್ನುವ ಸದ್ದು. ನರ್ಸಮ್ಮ ದಿಂಬನ್ನು ತಲೆಯ ಮೇಲೆ ಒತ್ತಿ ಹಿಡಿದಳು. ದಿಂಬು ಪಾಪ ಏನು ಮಾಡೀತು? ಸದ್ದು ದಿಂಬನ್ನೂ ದಾಟಿ ಬಂತು.

ಎಂಟು ತಿಂಗಳಿಂದ ಅವಳಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಮನೆಗೆ ಬಂದು ಹತ್ತಕ್ಕೆ ಮಲಗಿದರೆ ಸಂಜೆ ಐದರವರೆಗೆ ಅವಳ ಪಾಲಿನ ರಾತ್ರಿ. ಅದಕ್ಕೆಂದೇ ಆ ಮನೆಯ ಕಿಟಕಿಗಳಿಗೆಲ್ಲ ಕಪ್ಪು ಕಂಬಳಿ. ಕರೆಗಂಟೆಯ ತಂತಿ ಕಿತ್ತು ಎಷ್ಟೋ ದಿನವಾಗಿತ್ತು. ಬಾಗಿಲಲ್ಲಿ ಚಪ್ಪಲಿ ಕಂಡರೆ ಯಾರಾದರೂ ತಟ್ಟಿಬಿಟ್ಟಾರೆಂದು ಚಪ್ಪಲಿಗಳೂ ಒಳಗೇ ಇರುತ್ತಿದ್ದವು. ಗೋಡೆಗೆ ಬಣ್ಣ ಹೊಡೆಯುವ ಕೆಲಸದ ಅವಳ ಗಂಡ, ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ಆಸಾಮಿ, ಮನೆಯೊಳಗೆ ಮಾತ್ರ ಪಿಸುಗುಟ್ಟುವುದನ್ನು ಕಲಿತಿದ್ದ. ಇಷ್ಟೆಲ್ಲ ಮಾಡಿದ ಮೇಲೆ ಒಂದು ತಿಂಗಳಿಂದ ಆಕಾಶದಿಂದ ಈ ಪೀಡೆ!

ನಿದ್ದೆಗೆಟ್ಟರೆ ತಲೆನೋವು ಬರುತ್ತದೆ, ಸಿಟ್ಟು ಬರುತ್ತದೆ. ಅದನ್ನೆಲ್ಲ ಅವಳು ನುಂಗಿಕೊಂಡಿದ್ದಳು. ಆದರೆ ನಿನ್ನೆಯ ಪಾಳಿಯಲ್ಲಿ ಆದದ್ದನ್ನು ನುಂಗಿಕೊಳ್ಳಲು ಆಗಲಿಲ್ಲ. ಏಳನೇ ಹಾಸಿಗೆಯವರ ಇಂಜೆಕ್ಷನ್ ಹಿಡಿದು ಒಂಬತ್ತನೇ ಹಾಸಿಗೆಯ ಮುಂದೆ ನಿಂತಿದ್ದಳು. "ಸಿಸ್ಟರ್, ನನಗೆ ಈ ಹೊತ್ತಿಗೆ ಇಂಜೆಕ್ಷನ್ ಇಲ್ವಲ್ಲ" ಎಂದು ಆ ರೋಗಿ ಹೇಳಿರದಿದ್ದರೆ? ತಾನೇ ಹೋಗಿ ಹಿರಿಯ ಸಿಸ್ಟರ್‌ಗೆ ತಿಳಿಸಿದಳು. ಆಕೆ ಬೈಯಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ನಿನ್ನನ್ನ ವಾರ್ಡಿನಲ್ಲಿ ಇಟ್ಕೊಳ್ಳೋಕೆ ಆಗಲ್ಲಮ್ಮ. ಮನೇಲಿ ನಿದ್ದೆ ಮಾಡ್ತೀಯೋ ಇಲ್ವೋ?" ಎಂದಳು ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು.

ತಾರಸಿಯಿಂದ ದಡಬಡ ಸದ್ದು ಕೇಳಿತು. ಮಲಗಿರಲು ಸಾಧ್ಯವಿಲ್ಲವೆಂದು ನರ್ಸಮ್ಮ ಎದ್ದು ಮೇಲೆ ಹೋದಳು. ಗಂಡ ಬಣ್ಣದ ರೋಲರ್ ಸಿಕ್ಕಿಸಿದ ಉದ್ದನೆಯ ಕೋಲು ಹಿಡಿದು ಡ್ರೋನ್‌ಗೆ ಬೀಸುತ್ತಿದ್ದ. ಡ್ರೋನ್ ಸಲೀಸಾಗಿ ಮೇಲಕ್ಕೆ ಹೋಯಿತು. ರೋಲರ್‌ನಲ್ಲಿದ್ದ ಹಸಿರು ಬಣ್ಣ ಮಾತ್ರ ಒಣಹಾಕಿದ್ದ ಅವಳ ಬಿಳಿ ಸಮವಸ್ತ್ರದ ಮೇಲೆ ಉದ್ದಕ್ಕೂ ಚೆಲ್ಲಿತು.

"ಅಯ್ಯೋ ನಿಮ್ಮ..." ಎಂದವಳು ಮಾತು ಮುಗಿಸಲಿಲ್ಲ. ಜಗಳಕ್ಕೂ ಮೈಯಲ್ಲಿ ಶಕ್ತಿ ಬೇಕಲ್ಲ.

ಅಷ್ಟರಲ್ಲಿ ಅವಳ ಚಿಕ್ಕಪ್ಪನ ಮಗಳು ಮೆಟ್ಟಿಲು ಹತ್ತಿ ಬಂದಳು. ಜಮೀನು ಅಳೆಯುವ ಸರ್ವೆ ಕೆಲಸ ಅವಳದು, ಅದಕ್ಕೆ ಡ್ರೋನ್ ಹಾರಿಸುವುದೂ ಅವಳೇ. ಹತ್ತಿರದಲ್ಲಿ ಕೆಲಸವಿತ್ತೆಂದು ಅಕ್ಕನನ್ನು ನೋಡಲು ಬಂದವಳು ಬಾವನ ಯುದ್ಧವನ್ನು ನೋಡಿದಳು.

"ಬಾವ, ಮೊದಲು ಕೋಲು ಕೆಳಗಿಡಿ."

"ಯಾಕಮ್ಮ ಇಡಬೇಕು? ನಮ್ಮ ಮನೆ, ನಮ್ಮ ತಾರಸಿ. ಇದರ ಮೇಲಿನ ಆಕಾಶಾನೂ ನಮ್ಮದೇ. ಹೊಡೆದು ಬೀಳಿಸಿದ್ರೆ ಯಾರು ಕೇಳ್ತಾರೆ?"

"ಚಂದ್ರನೂ ನಿಮ್ಮ ತಾರಸಿ ಮೇಲೇ ಬರ್ತಾನೆ. ಅವನ ಹತ್ರ ಬಾಡಿಗೆ ಕೇಳ್ತೀರಾ?" ಎಂದು ಅವಳು ಎಡಗೈಯ ಹೆಬ್ಬೆರಳು ತೋರಿಸಿದಳು. ಅಡ್ಡಕ್ಕೆ ಬಿಳಿ ಗೆರೆಯಂಥ ಗಾಯದ ಗುರುತು. "ಇದು ರೆಕ್ಕೆ ತಾಗಿ ಆಗಿದ್ದು, ಅದೂ ನನ್ನದೇ ಡ್ರೋನ್. ನೀವು ಬೀಳಿಸಿದ್ದು ದಾರೀಲಿ ಹೋಗೋರ ತಲೆ ಮೇಲೆ ಬಿದ್ದಿದ್ರೆ? ತಪ್ಪು ಹಾರಿಸಿದವನದಾಗಿದ್ರೂ ಕೇಸು ನಿಮ್ಮ ಕೊರಳಿಗೇ ಬೀಳ್ತಿತ್ತು."

"ಅಂದ್ರೆ ಕಾನೂನು ಅವನ ಕಡೇನೇ?"

"ಪೂರ್ತಿಯಾಗಿ ಯಾರ ಕಡೇನೂ ಇಲ್ಲ ಬಾವ. ಮನೆ ಮೇಲಿನ ಆಕಾಶ ಎಷ್ಟೇ ಎತ್ತರಕ್ಕೆ ಹೋದ್ರೂ ಮನೆಯವರದೇ ಅಂತ ಎಲ್ಲೂ ನಡೆಯಲ್ಲ. ಎತ್ತರದಲ್ಲಿ ಸುಮ್ಮನೆ ಹಾದು ಹೋದ್ರೆ ಅದೊಂದೇ ತಪ್ಪಾಗದೇ ಇರಬಹುದು. ಹಾಗಂತ ತಾರಸಿ ಮಟ್ಟಕ್ಕೆ ಇಳಿದು ನಿಲ್ಲೋದು, ಕಿಟಕಿ ಒಳಗೆ ಕ್ಯಾಮೆರಾ ಇಡೋದು, ದಿನಾ ಬಂದು ಕಾಟ ಕೊಡೋದು, ಇದಕ್ಕೆಲ್ಲ ಹಕ್ಕಿದೆ ಅಂತ ಅಲ್ಲ. ಎಷ್ಟು ತೂಕದ್ದಕ್ಕೆ ನೋಂದಣಿ ಬೇಕು, ಎಷ್ಟು ಎತ್ತರ, ಎಲ್ಲೆಲ್ಲಿ ಹಾರಿಸಲೇಬಾರದು, ಇದಕ್ಕೆ ಒಂದೊಂದು ಕಡೆ ಒಂದೊಂದು ನಿಯಮ. ಆಗಾಗ ಬದಲಾಗ್ತಾನೂ ಇರುತ್ತೆ. ನಾನೇ ಪ್ರತಿ ಸಲ ನೋಡ್ಕೊಂಡು ಹೊರಡ್ತೀನಿ."

ನರ್ಸಮ್ಮ ನೀರಿನ ತೊಟ್ಟಿಗೆ ಒರಗಿ ಕೂತಿದ್ದಳು. "ನನಗೆ ಆಕಾಶ ಬೇಡ ಕಣೇ. ದಿನಕ್ಕೆ ಆರು ಗಂಟೆ ನಿದ್ದೆ ಕೊಡಿಸು, ಸಾಕು" ಎಂದಳು. ಹೇಳುತ್ತಲೇ ಅವಳ ಕಣ್ಣು ತುಂಬಿತು.

ತಂಗಿ ಅಕ್ಕನ ಹೆಗಲು ಹಿಡಿದಳು. ಆಮೇಲೆ ಫೋನ್ ತೆಗೆದು ಡ್ರೋನನ್ನು ಚಿತ್ರೀಕರಿಸಿದಳು. ಬಂದ ತಾರೀಕು, ಹೊತ್ತು ಬರೆದಿಡಲು ಬಾವನಿಗೆ ಹೇಳಿದಳು. "ಮೊದಲು ಮಾತಾಡೋಣ. ಕೇಳದೇ ಇದ್ರೆ ಇದನ್ನೆಲ್ಲ ಇಟ್ಕೊಂಡು ಪೊಲೀಸರಿಗೆ ದೂರು ಕೊಡೋಣ. ಹಾರಿಸೋರು ಅದನ್ನ ಕಣ್ಣಳತೇಲೇ ಇಟ್ಕೊಂಡಿರ್ತಾರೆ, ದೂರ ಇರಲ್ಲ. ಎಲ್ಲಿ ಇಳಿಯುತ್ತೆ ನೋಡಿ."

ಅದು ಹಿಂದಿನ ಬೀದಿಯ ಟೈಲರ್ ಮಾಸ್ಟರ್ ಅಂಗಡಿಯ ಮಹಡಿಗೆ ಇಳಿಯಿತು.

ಮೂವರೂ ಹೋದರು. ನರ್ಸಮ್ಮನ ಕೆನ್ನೆಯ ಮೇಲೆ ದಿಂಬಿನ ಅಚ್ಚು ಹಾಗೇ ಇತ್ತು. ಅಂಗಡಿಯಲ್ಲಿ ಮಾಸ್ಟರ್, ಕೊರಳಿಗೆ ಅಳತೆ ಟೇಪು ಹಾಕಿಕೊಂಡು, ಚೂರು ಬಟ್ಟೆಯಿಂದ ಡ್ರೋನ್‌ನ ರೆಕ್ಕೆ ಒರೆಸುತ್ತಿದ್ದರು. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಪ್ಯಾಂಟು ಬಿದ್ದಿತ್ತು. ವಿಷಯ ಕೇಳಿ ಅವರು ಎದ್ದೇ ನಿಂತರು.

"ಅದು ನಿಮ್ಮ ಮನೇನಾ ಸಿಸ್ಟರಮ್ಮ? ಖಾಲಿ ಮನೆ ಅಂದ್ಕೊಂಡಿದ್ನಲ್ಲ! ಕಿಟಕಿಗೆಲ್ಲ ಕಪ್ಪು ಬಟ್ಟೆ, ಬಾಗಿಲಲ್ಲಿ ಚಪ್ಪಲಿ ಇಲ್ಲ, ಒಂದು ಮಾತೂ ಕೇಳ್ಸಲ್ಲ. ತಾರಸಿ ಮೇಲಿನ ಬಟ್ಟೆ ಪಕ್ಕದ ಮನೆಯವರು ಹಾಕಿರಬೇಕು, ಇವತ್ತು ಕೋಲು ಬೀಸಿದ್ದೂ ಅವರೇ ಇರಬೇಕು ಅಂದ್ಕೊಂಡೆ. ಬೇರೆಯವರಿಗೆ ತೊಂದರೆ ಆಗದೇ ಇರಲಿ ಅಂತಾನೇ ಅಲ್ಲಿ ಹಾರಿಸ್ತಿದ್ದೆ!"

ನರ್ಸಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿದ್ದೆಗಾಗಿ ಮಾಡಿಕೊಂಡ ಕಾವಲೇ ನಿದ್ದೆಗೆ ಕುತ್ತು ತಂದಿತ್ತು.

"ಬೆಳಗಿಂದ ಕತ್ತು ಬಗ್ಗಿಸಿ ಸೂಜಿ ತುದಿ ನೋಡೋ ಕಣ್ಣು ಇದು" ಎಂದರು ಮಾಸ್ಟರ್. "ಊಟದ ಬಿಡುವಲ್ಲಿ ಇದೊಂದು ಗಳಿಗೆ ಮೇಲೆ ನೋಡ್ತೀನಿ. ಅಲ್ಲ, ನಾನು ನಿಮ್ಮ ಗೋಡೆ ಮುಟ್ಟಿಲ್ಲವಲ್ಲ? ಗಾಳಿಗೆಲ್ಲಿ ಬೇಲಿ ಇದೆ?"

"ನೋಂದಣಿ ಬೇಕೋ ಬೇಡವೋ ವಿಚಾರಿಸಿದ್ದೀರಾ ಮಾಸ್ಟರ್? ನಿಯಮ ಓದಿದ್ದೀರಾ?" ತಂಗಿ ಕೇಳಿದಳು.

"ಪೆಟ್ಟಿಗೇಲಿ ಒಂದು ಪುಸ್ತಕ ಇತ್ತು. ಯಂತ್ರದ ಕಾಲಡಿಗೆ ಇಟ್ಟಿದ್ದೀನಿ, ಅಲ್ಲಾಡ್ತಿತ್ತು."

"ಇವತ್ತಿನ ಚಿತ್ರ ತೋರಿಸಿ."

ಮಾಸ್ಟರ್ ಫೋನ್ ಹಿಡಿದರು. ಪರದೆಯ ತುಂಬ ನರ್ಸಮ್ಮನ ಗಂಡನೇ ಕಂಡ. ಬಾಯಿ ತೆರೆದಿತ್ತು, ಕೋಲು ಮೇಲೆದ್ದಿತ್ತು, ಬನಿಯನ್ನಿನ ತೂತುಗಳನ್ನು ಎಣಿಸಬಹುದಿತ್ತು. ಅವನು ನಾಚಿಕೆಯಿಂದ ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡ. ಹಿಂದೆ ತಂತಿಯ ಮೇಲೆ ಹೆಂಡತಿಯ ಒಳಬಟ್ಟೆಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಮಾಸ್ಟರ್ ತಾವೇ ಫೋನನ್ನು ಮಗುಚಿಟ್ಟರು.

"ಮಾಸ್ಟರ್, ಕೇಳದೆ ಯಾರ ಮೈ ಅಳತೆಯನ್ನಾದ್ರೂ ತಗೊಂಡಿದ್ದೀರಾ?" ತಂಗಿ ಕೇಳಿದಳು.

"ಛೆ, ಛೆ! ಪರದೆ ಎಳೆಯದೆ ಟೇಪೇ ಕೈಗೆತ್ತಿಕೊಳ್ಳಲ್ಲ. ಇಪ್ಪತ್ತು ವರ್ಷದ ನೇಮ ಅದು."

"ಇದೂ ಅಷ್ಟೇ ಮಾಸ್ಟರ್. ಗೋಡೆ ಮುಟ್ಟಿದ್ರೋ ಇಲ್ವೋ ಅನ್ನೋದೊಂದೇ ಪ್ರಶ್ನೆ ಅಲ್ಲ. ಕೇಳಿದ್ರಾ ಅನ್ನೋದೂ ಪ್ರಶ್ನೆ."

ಮಾಸ್ಟರ್ ನಾಲಿಗೆ ಕಚ್ಚಿಕೊಂಡರು. ಆಗ ನರ್ಸಮ್ಮ ನಿಂತಲ್ಲೇ, ದನಿ ಏರಿಸದೆ, ಏಳನೇ ಹಾಸಿಗೆಯ ಇಂಜೆಕ್ಷನ್ ಒಂಬತ್ತನೇ ಹಾಸಿಗೆಯವರೆಗೆ ಹೋದದ್ದನ್ನು ಹೇಳಿದಳು.

"ನನ್ನ ಒಂದು ಗಳಿಗೆಯ ಖುಷಿಗೆ ಇಷ್ಟು ದೊಡ್ಡ ಬೆಲೆಯಾ ತಾಯಿ?" ಎಂದರು ಮಾಸ್ಟರ್. ಎಲ್ಲರ ಎದುರೇ ಚಿತ್ರಗಳನ್ನು ಅಳಿಸಿದರು. ಯಂತ್ರದ ಕಾಲಿನಡಿಯ ಪುಸ್ತಕವನ್ನು ಎಳೆದು ಧೂಳು ಒರೆಸಿದರು. ನರ್ಸಮ್ಮನ ಗಂಡನೂ ಕೋಲು ಬೀಸಿದ್ದಕ್ಕೆ ಕ್ಷಮೆ ಕೇಳಿದ, ಕೊಂಚ ಮುನಿಸು ಉಳಿಸಿಕೊಂಡೇ.

ನೋಂದಣಿ ಯಾವ ಕಚೇರಿಯಲ್ಲಿ, ಹೇಗೆ ಎಂದು ಮಾಸ್ಟರ್ ತಂಗಿಯಿಂದ ಬರೆಸಿಕೊಂಡರು. ಅದೆಲ್ಲ ಮುಗಿಯುವವರೆಗೆ ಡ್ರೋನ್ ಪೆಟ್ಟಿಗೆ ಸೇರಿತು. ಈಗ ರಜೆಯ ದಿನ ಊರಾಚೆಯ ಬಯಲಿನಲ್ಲಿ, ಅದರ ಮಾಲೀಕರ ಒಪ್ಪಿಗೆ ಪಡೆದು ಹಾರಿಸುತ್ತಾರೆ.

ಅಂಗಡಿಗೆ ಹೋಗಿ ಬಂದ ಮರುದಿನ ಎರಡು ಗಂಟೆಗೆ ನರ್ಸಮ್ಮನಿಗೆ ತಾನಾಗಿಯೇ ಎಚ್ಚರವಾಯಿತು. ಸದ್ದಿಗಾಗಿ ಕಾದಳು. ಏನೂ ಬರಲಿಲ್ಲ. ಸಂತೋಷಪಡುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ. ಮಗ್ಗುಲು ಬದಲಿಸಿದಳು, ನಿದ್ದೆ ಬಂತು. ಐದು ಗಂಟೆಗೆ ಗಂಡ ಪಿಸುಗುಟ್ಟಿ ಎಬ್ಬಿಸಬೇಕಾಯಿತು.

ಓದುಗರೇ, ನಿಮ್ಮ ಬಳಿ ಡ್ರೋನ್ ಇದ್ದರೆ ಅದನ್ನು ಮೇಲೇರಿಸುವ ಮೊದಲು ನಿಮ್ಮ ಊರಿನ ನಿಯಮವನ್ನು ವಿಮಾನಯಾನ ಇಲಾಖೆಯಲ್ಲಿ ಕೇಳಿ ತಿಳಿಯಿರಿ. ಬೇರೆಯವರ ಮನೆಯ ಮೇಲೆ ಹೋಗಬೇಕಿದ್ದರೆ ಹೋಗಿ ಅವರ ಬಾಗಿಲು ತಟ್ಟಿ. ನಿಮ್ಮ ಮನೆಯ ಮೇಲೆ ಯಾರದೋ ಡ್ರೋನ್ ಬಂದರೆ ಕಲ್ಲು, ಕೋಲು ಎತ್ತಬೇಡಿ. ಹೊತ್ತು ಗುರುತಿಟ್ಟುಕೊಳ್ಳಿ, ಹೋಗಿ ಮಾತಾಡಿ, ಕೇಳದಿದ್ದರೆ ದೂರು ಕೊಡಿ. ನಾಳೆ ನಿಮ್ಮ ತಾಯಿಯೋ ಮಗುವೋ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರಬಹುದು. ಅವರಿಗೆ ಸೂಜಿ ಚುಚ್ಚುವ ಕೈ ಚೆನ್ನಾಗಿ ನಿದ್ದೆ ಮಾಡಿ ಬಂದಿರಲಿ.